ಶಿಕ್ಷೆ ಅಲ್ಲ ಎಂದು ಬರೆದಿದ್ದ ಕಾಗದ

ನನ್ನ ಮೊಮ್ಮಗಳು ಪಾಸಾದಳು. ಸುದ್ದಿ ಬಂದ ದಿನ ಭಟ್ಕಳದ ಮೀನು ಪೇಟೆಯಲ್ಲಿ ಬುಟ್ಟಿ ಇಳಿಸಿ ಕೂತವಳು, ಬಂದವರಿಗೆಲ್ಲ ಮೀನಿಗಿಂತ ಮೊದಲು ಅದನ್ನೇ ಹೇಳಿದೆ. ಪಕ್ಕದಲ್ಲಿ ಕೂರುವವಳಿಗೆ ಸಾಕಾಗಿ ಹೋಯಿತು.

"ಬೆಳಿಗ್ಗೆಯಿಂದ ಏಳು ಸಲ ಪಾಸಾತು ನಿನ್ನ ಮೊಮ್ಮಗಳು. ಈಗ ಬಂಗಡೆಗೆ ಸ್ವಲ್ಪ ನೀರು ಹೊಡಿ."

ಹೊಡೆದೆ, ಮತ್ತೆ ಎಂಟನೇ ಸಲ ಹೇಳಿದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಮನೆಯಲ್ಲಿ ಎಂ.ಕಾಂ. ಓದುವ ಹುಡುಗಿ ಇದ್ದಾಳೆ ಎಂದರೆ ಆ ಸಂತೋಷವನ್ನು ಎಲ್ಲಿ ಇಡಲಿ? ಆದರೂ ಪ್ರತಿ ಸಲ ಹೇಳಿ ಮುಗಿಸಿದ ಮೇಲೆ ಬಾಯಿ ಕಹಿಯಾಗುತ್ತದೆ. ಯಾಕೆಂದು ಹೇಳುತ್ತೇನೆ.

ಅವಳು ಕುಮಟಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತಾಯಿ ಇಲ್ಲ, ಅಪ್ಪ, ಅಂದರೆ ನನ್ನ ಮಗ, ಬೋಟಿನಲ್ಲಿ ಹೋದರೆ ವಾರಗಟ್ಟಲೆ ಸಮುದ್ರದ ಮೇಲೆ. ಹಾಸ್ಟೆಲಿನ ನೀರು ನಾರುತ್ತದೆ ಎಂದು ಹುಡುಗಿಯರೆಲ್ಲ ವಾರ್ಡನ್ ಕೋಣೆಯ ಮುಂದೆ ಒಂದು ಸಂಜೆ ಕೂತರು. ಮರುದಿನ ನೋಡಿದರೆ ಆ ಕೋಣೆಯ ಕಿಟಕಿಯ ಗಾಜು ಒಡೆದಿತ್ತು. ನೀರಿನ ಅರ್ಜಿ ಬರೆದವಳು ನಮ್ಮವಳು, ಅವಳ ಅಕ್ಷರ ಚಂದ. ಹಾಗಾಗಿ ಗಾಜು ಒಡೆದ ದೂರೂ ಅವಳ ತಲೆಗೇ ಬಂತು.

ಕಾಲೇಜಿನವರು ಕೊಟ್ಟ ಕಾಗದ ಹಿಡಿದುಕೊಂಡು ಮನೆಗೆ ಬಂದಳು. ವಿಚಾರಣೆ ಮುಗಿಯುವ ತನಕ ತರಗತಿ, ಲೈಬ್ರರಿ, ಹಾಸ್ಟೆಲ್, ಗೇಟಿನ ಒಳಗೆ ಎಲ್ಲಿಯೂ ಕಾಲಿಡಬಾರದು. ಇದು ತಾತ್ಕಾಲಿಕ ಕ್ರಮ, ಶಿಕ್ಷೆ ಅಲ್ಲ. ಅವಳೇ ಓದಿ ಹೇಳಿದಳು.

"ಶಿಕ್ಷೆ ಅಲ್ಲ ಅಂದಾರಲ, ಮತ್ತೆ ಎಂತಕ್ಕೆ ಅಳ್ತೆ?"

"ಮುಂದಿನ ತಿಂಗಳು ಪರೀಕ್ಷೆ, ಅಜ್ಜಿ. ಅಷ್ಟರೊಳಗೆ ವಿಚಾರಣೆ ಆಗದಿದ್ರೆ ಗೇಟಿನ ಒಳಗೇ ಬಿಡೂದಿಲ್ಲ. ಪರೀಕ್ಷೆ ಹೋತು."

ತಪ್ಪು ಒಪ್ಪು ನೋಡುವ ಯಜಮಾನರು ನಮ್ಮ ಕೇರಿಯಲ್ಲೂ ಇದ್ದಾರೆ. ಬಲೆ ಕದ್ದ ಎಂದು ಯಾರ ಮೇಲಾದರೂ ದೂರು ಬಂದರೆ, ತೀರ್ಮಾನ ಆಗುವ ತನಕ ಅವನ ದೋಣಿಯನ್ನು ದಡಕ್ಕೆ ಎಳೆಸುವುದಿಲ್ಲ. ಕದ್ದನೋ ಇಲ್ಲವೋ ನಾಳೆ ಗೊತ್ತಾದೀತು, ಹೊಟ್ಟೆ ಇವತ್ತೇ ಕೇಳುತ್ತದೆ. ಅಷ್ಟು ಓದಿದವರಿಗೆ ಇಷ್ಟು ಹೊಳೆಯಲಿಲ್ಲ.

ಮೂರು ವಾರ ಕಳೆದರೂ ವಿಚಾರಣೆಯ ದಿನ ಗೊತ್ತಾಗಲಿಲ್ಲ. ನೆರೆಯವರು ಕೇಳಿದರೆ ಓದಲು ರಜೆ ಕೊಟ್ಟಿದ್ದಾರೆ ಎಂದೆ. ಕಡೆಗೆ ಒಂದು ಬೆಳಿಗ್ಗೆ ತೆಂಗಿನಗುಂಡಿಯ ದಕ್ಕೆಗೆ ಹೋಗಿ, ಬೋಟಿನಿಂದ ಆಗಷ್ಟೇ ಇಳಿದ ಒಂದು ಇಸ್ವಾಣ ಮೀನು ಆರಿಸಿದೆ. ನನ್ನ ಮೊಳಕೈಗಿಂತ ಉದ್ದ, ಕಣ್ಣು ಇನ್ನೂ ಹೊಳೆಯುತ್ತಿತ್ತು. ಬಾಳೆಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಅವಳನ್ನು ಕರೆದುಕೊಂಡು ಕುಮಟಾ ಬಸ್ಸು ಹತ್ತಿದೆ. ಚೀಲದಲ್ಲಿ ಎಂತದೆಂದು ಅವಳು ಕೇಳಲಿಲ್ಲ. ನನ್ನ ಚೀಲಕ್ಕೆ ಯಾವತ್ತೂ ಮೀನಿನ ವಾಸನೆಯೇ.

ಗೇಟಿನಲ್ಲಿ ಅವಳನ್ನು ತಡೆದರು. ನನ್ನ ಹೆಸರು ಕಾಗದದಲ್ಲಿ ಇರಲಿಲ್ಲವಲ್ಲ, ನನ್ನನ್ನು ಬಿಟ್ಟರು. ವಿಚಾರಣೆ ಮಾಡುವ ದೊಡ್ಡ ಮಾಸ್ತರರ ಕೋಣೆ ಹುಡುಕಿ, ಚೀಲವನ್ನು ಅವರ ಮೇಜಿನ ಮೇಲೆ ಇಟ್ಟು ಬಿಚ್ಚಿದೆ.

"ಎಂತದಮ್ಮ ಇದು?" ಅವರ ಕುರ್ಚಿ ಗೋಡೆಯವರೆಗೆ ಸರಿಯಿತು.

"ಇಸ್ವಾಣ, ಮಾಸ್ತರ್ರೇ. ಐಸ್ ಮುಟ್ಟಿದ್ದಲ್ಲ."

"ಇಲ್ಲಿಗೆ ಯಾಕೆ ತಂದ್ರಿ?"

"ದೊಡ್ಡವರ ಹತ್ರ ನ್ಯಾಯ ಕೇಳೂಕೆ ಬರಿಗೈಲಿ ಬರೂದು ಹೇಂಗೆ? ವಾರ್ಡನ್ ಅಮ್ಮನೂ ಒಂದು ತರ್ಲಿ, ನಾ ಬೇಡ ಅನ್ನೂದಿಲ್ಲ. ಪರೀಕ್ಷೆಗಿಂತ ಮುಂಚೆ ಮಾತ್ರ ವಿಚಾರಿಸಿಬಿಡಿ."

ನಮ್ಮ ಕೇರಿಯಲ್ಲಿ ಯಜಮಾನರ ಮನೆಗೆ ಹೋಗುವಾಗ ಎರಡೂ ಕಡೆಯವರು ಕೈಲಾದದ್ದು ಒಯ್ಯುತ್ತಾರೆ. ತೀರ್ಮಾನ ಅದರಿಂದ ಬದಲಾದದ್ದನ್ನು ನಾನು ಕಂಡಿಲ್ಲ. ಮೂಲೆಯಲ್ಲಿದ್ದ ಗುಮಾಸ್ತ ಏನೋ ಬರೆಯತೊಡಗಿದ.

"ಎಂತ ಬರೀತ್ರಿ?"

"ನೀವು ಮೀನು ತಂದದ್ದು."

"ಎಷ್ಟು ದೊಡ್ಡದು ಅಂತನೂ ಬರೀರಿ" ಎಂದೆ. ಒಳ್ಳೆಯದಕ್ಕೇ ಬರೆಯುತ್ತಾನೆ ಎಂದು ತಿಳಿದಿದ್ದೆ.

ನಾಲ್ಕು ದಿನಕ್ಕೆ ಇನ್ನೊಂದು ಕಾಗದ ಬಂತು. ವಿದ್ಯಾರ್ಥಿನಿಯ ಅಜ್ಜಿ ವಿಚಾರಣೆಯ ಮೇಲೆ ಪ್ರಭಾವ ಬೀರಲು ಯತ್ನಿಸಿದ್ದಾರೆ, ಅದನ್ನೂ ಪರಿಶೀಲಿಸಬೇಕಾಗಿದೆ, ಅಲ್ಲಿಯವರೆಗೆ ತಾತ್ಕಾಲಿಕ ಕ್ರಮ ಮುಂದುವರಿಯುತ್ತದೆ. ಓದುವಾಗ 'ಅಜ್ಜಿ' ಎಂಬಲ್ಲಿ ಅವಳ ಸ್ವರ ನಿಂತಿತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಿಂದು ತಪ್ಪಿಲ್ಲ ಅಜ್ಜಿ. ಅವರಿಗೆ ತಿಳೀಲಿಲ್ಲ" ಎಂದಳು, ಅಷ್ಟೇ. ಆ ದಿನ ಊಟಕ್ಕೆ ಏಳಲಿಲ್ಲ.

ಮೊದಲ ಪರೀಕ್ಷೆಯ ದಿನ ಬಂದೇಬಿಟ್ಟಿತು. ಕಡೆ ಗಳಿಗೆಯಲ್ಲಿ ಬಿಟ್ಟರೂ ಬಿಟ್ಟಾರು ಎಂದು ಇಬ್ಬರೂ ಹೋದೆವು. ಹೊನ್ನಾವರದ ಸೇತುವೆ ದಾಟುವಾಗಲೂ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಜೊತೆಯ ಹುಡುಗಿಯರು ಒಬ್ಬೊಬ್ಬರೇ ಗೇಟು ದಾಟಿದರು. ಕೆಲವರು ಅವಳನ್ನು ನೋಡಿದರು, ಕೆಲವರು ಕಾಣದ ಹಾಗೆ ಹೋದರು. ಒಳಗೆ ಗಂಟೆ ಹೊಡೆಯಿತು. ಕಾವಲುಗಾರ ಪಾಪ, ತನ್ನ ಸ್ಟೂಲನ್ನು ಅವಳಿಗೆ ಕೊಟ್ಟ. ಅರ್ಧ ತಾಸು ಕಳೆದ ಮೇಲೆ ಅವನೇ ಹೇಳಿದ, "ಇನ್ನು ನಾ ಬಿಟ್ರೂ ಅಲ್ಲಿ ತಕಳೂದಿಲ್ಲ, ತಂಗಿ." ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ಎರಡು ದಿನದ ಮೇಲೆ ವಿಚಾರಣೆಗೆ ಕರೆದರು. ಮೀನು ತಂದದ್ದು ನಾನೇ, ಮೊಮ್ಮಗಳಿಗೆ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟು ಸಹಿ ಮಾಡಿದೆ. ಆಮೇಲೆ ಹಾಸ್ಟೆಲಿನ ಅಡಿಗೆಯವಳನ್ನು ಕೇಳಿದರು.

"ಆ ಗಾಜು ಮಳೆಗಾಲದಿಂದ ಸೀಳಿತ್ತು. ನಾನೇ ರಟ್ಟು ಅಂಟಿಸಿದ್ದೆ. ಗಾಳಿಗೆ ಬಿತ್ತು" ಎಂದಳು.

"ಮೊದಲೇ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು?"

ಚಾ ಕುಡಿಯುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿಯಿತು. ಆರೋಪ ಸಾಬೀತಾಗಿಲ್ಲ. ಮರುದಿನ ಅವಳು ಹಾಲ್ ಟಿಕೆಟ್ ಹಿಡಿದು ಗೇಟಿನ ಒಳಗೆ ಹೋಗುವುದನ್ನು ನೋಡುತ್ತ ರಸ್ತೆಯಲ್ಲೇ ನಿಂತು ಅತ್ತೆ. ಅಂಥ ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಉಳಿದ ಪೇಪರುಗಳನ್ನೆಲ್ಲ ಬರೆದಳು, ಎಲ್ಲದರಲ್ಲೂ ಪಾಸು. ಒಂದರಲ್ಲಿ ಕ್ಲಾಸಿಗೇ ಮೊದಲು. ಪೇಟೆಯಲ್ಲಿ ನಾನು ಹೇಳುವುದು ಇಲ್ಲಿಯವರೆಗೆ ಮಾತ್ರ.

ಅಂಕಪಟ್ಟಿಯಲ್ಲಿ ಮೊದಲ ಪೇಪರಿನ ಮುಂದೆ 'ಗೈರುಹಾಜರಿ' ಎಂದಿದೆ. ಮತ್ತೆ ಕುಮಟಾಕ್ಕೆ ಹೋಗಿ ಕೇಳಿದೆ.

"ಅವಳು ಬಂದಿದ್ಲು. ಗೇಟಿನ ಹತ್ರ ನಾ ಜೊತೆಗಿದ್ದೆ."

"ಒಳಗೆ ಇರ್ಲಿಲ್ಲ ಅಂದ್ರೆ ಗೈರು ಅಂತಲೇ ಬರೂದಮ್ಮ" ಎಂದ ಗುಮಾಸ್ತ. "ಮುಂದಿನ ಸಲ ಕಟ್ಟಿ ಬರೀಲಿ." ಅರ್ಜಿಯ ಕಾಗದ ಕೊಟ್ಟ.

ಅದನ್ನು ಮನೆಗೆ ತಂದು ಅವಳು ತುಂಬಿದಳು. ಹಿಂದಿನ ಸಲ ಗೈರಾದದ್ದಕ್ಕೆ ಕಾರಣ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದಳು. ನಾನು ಪೆನ್ನು ಕೇಳಿ, ಮೂರನೇ ಇಯತ್ತೆಯ ನನ್ನ ದಪ್ಪ ಅಕ್ಷರದಲ್ಲಿ 'ಗೇಟು ತೆಗೆಯಲಿಲ್ಲ' ಎಂದು ಬರೆದೆ. ಅವಳು ಓದಿದಳು. ಅಳಿಸಲಿಲ್ಲ.