ಅಂಗಿಯೊಳಗಿನ ಪಟ್ಟಿ

ಬೆಳಗಿನ ಜಾವ, ಮುಖ್ಯ ಬೀದಿಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇನ್ನೂ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ರೋಲಾಂದ್ ಬುಶೇ ಒಂದು ಹಸಿರು ಅಂಗಿಯನ್ನು ಮಂಡಿಯ ಮೇಲೆ ಬೋರಲು ಹಾಕಿಕೊಂಡು, ಬೆನ್ನಿನ ಮೇಲಿನ ಹೆಸರನ್ನು ಬಿಚ್ಚುತ್ತಿದ್ದಾರೆ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯನ್ನು ದಾರದಡಿ ತೂರಿಸುತ್ತಾರೆ, ಎತ್ತುತ್ತಾರೆ, ಸ್ವಲ್ಪ ಮುಂದೆ ಸರಿದು ಮತ್ತೆ ತೂರಿಸುತ್ತಾರೆ. ರೇಡಿಯೊ ಹಾಕಿಲ್ಲ. ಹೊರಗೆ ಹಿಮ ತಳ್ಳುವ ಲಾರಿ ಬೀದಿಯ ಆ ತುದಿಯಿಂದ ಈ ತುದಿಗೆ ಹೋಗುತ್ತದೆ, ಗಾಜು ಸಣ್ಣಗೆ ನಡುಗುತ್ತದೆ. ಹೆಸರಿನ ತುಂಡು ಪೂರ್ತಿ ಕಳಚಿ ಬಂದಾಗ ಅದರಡಿಯ ಬಟ್ಟೆ ಸುತ್ತಲಿನದಕ್ಕಿಂತ ಕಡುಹಸಿರು. ರೋಲಾಂದ್ ಅದನ್ನು ಅಂಗೈಯಿಂದ ಒಮ್ಮೆ ಸವರಿ, ಅಂಟಿಕೊಂಡ ದಾರದ ಚೂರುಗಳನ್ನು ಒದ್ದೆ ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಾರೆ.

ನಿನ್ನೆ ಸಂಜೆಯವರೆಗೆ ಆ ಅಂಗಿ ಒಬ್ಬ ಹುಡುಗನದಾಗಿತ್ತು. ಮೇಲಿನ ಲೀಗಿನವರು ಫೋನ್ ಮಾಡಿ ಕರೆದರು, ಅವನು ಹೋದ. ಇವತ್ತು ಮಧ್ಯಾಹ್ನ ಬೇರೊಬ್ಬ ಬಸ್ಸಿಳಿಯುತ್ತಾನೆ. ಸಂಜೆಯ ಆಟಕ್ಕೆ ಅವನ ಹೆಸರು ಅದೇ ಜಾಗದಲ್ಲಿ ಕೂತಿರಬೇಕು.

ಹೆರನ್ಸ್ ನಮ್ಮ ಬೆಲ್‌ರಿವ್ ಊರಿನ ಐಸ್ ಹಾಕಿ ತಂಡ. ದೊಡ್ಡ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನದು. ಮೇಲೆ ಏರುವವರೂ ಕೆಳಗೆ ಜಾರುವವರೂ ಇಲ್ಲಿ ಸ್ವಲ್ಪ ದಿನ ನಿಂತು ಹೋಗುತ್ತಾರೆ. ಎದೆಯ ಮೇಲೆ ಒಂಟಿಕಾಲಲ್ಲಿ ನಿಂತ ಬಕಪಕ್ಷಿ, ಬೆನ್ನ ಮೇಲೆ ಹೆಸರು. ಪಕ್ಷಿ ಬದಲಾಗುವುದಿಲ್ಲ, ಹೆಸರು ಬದಲಾಗುತ್ತಲೇ ಇರುತ್ತದೆ. ಹದಿನಾಲ್ಕನೇ ಸಂಖ್ಯೆಯ ಅಂಗಿ ಈ ಚಳಿಗಾಲದಲ್ಲೇ ಆರು ಜನರನ್ನು ಹೊತ್ತಿದೆ. ಆರೂ ಹೆಸರನ್ನು ಹೊಲಿದವರು, ಐದನ್ನು ಬಿಚ್ಚಿದವರು ರೋಲಾಂದ್. ಅವರಿಗೆ ಈಗ ಎಪ್ಪತ್ತೊಂದು. ಆಟಗಾರರಿಗೆಲ್ಲ ಅವರು ಮೆಮೇರ್, ಅಂದರೆ ಅಜ್ಜಿ. ಅಂಗಡಿ ಅವರ ಅಣ್ಣನ ಮಗ ಲಿಯೊನದು. ನಾನು ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತೇನೆ, ಅವರ ಬಗ್ಗೆ ಇದನ್ನು ಬರೆಯುತ್ತಿರುವವಳೂ ನಾನೇ.

ಹೆಸರು ಎಲ್ಲರಿಗೂ ಕಾಣುವ ಕೆಲಸ. ರೋಲಾಂದ್ ಮನಸ್ಸಿಟ್ಟು ಮಾಡುವ ಕೆಲಸ ಅಂಗಿಯ ಒಳಗಿದೆ. ಹಾಕಿ ಅಂಗಿಯ ಬೆನ್ನಿನ ಒಳಬದಿಯಲ್ಲಿ, ಕೆಳಗೆ, ಅಂಗೈ ಉದ್ದದ ಒಂದು ಪಟ್ಟಿ ಇರುತ್ತದೆ. ಅದರ ತುದಿಯ ಗುಂಡಿ ಚಡ್ಡಿಯ ಸೊಂಟಕ್ಕೆ ಸೇರುತ್ತದೆ. ಮಂಜುಗಡ್ಡೆಯ ಮೇಲೆ ಇಬ್ಬರು ಕೈಕೈ ಮಿಲಾಯಿಸಿದಾಗ, ಎದುರಿನವನು ಅಂಗಿ ಹಿಡಿದು ತಲೆಯ ಮೇಲಕ್ಕೆ ಎಳೆಯದಂತೆ ಈ ಪಟ್ಟಿ ತಡೆಯುತ್ತದೆ. ಅಂಗಿ ಮುಖಕ್ಕೆ ಮುಸುಕು ಹಾಕಿದರೆ ಒಳಗಿನವನಿಗೆ ಏನೂ ಕಾಣುವುದಿಲ್ಲ, ಕೈಯೂ ಆಡುವುದಿಲ್ಲ. ಹೊರಗಿನವನು ಹೊಡೆಯುತ್ತಾನೆ. ಒಮ್ಮೆ ಹಾಗೇ ಆಯಿತು. ಕಾರ್ಖಾನೆಯಿಂದ ಬಂದ ಪಟ್ಟಿ ಕಿತ್ತುಬಂದು, ಇಪ್ಪತ್ತರ ಹುಡುಗನೊಬ್ಬನ ಕೆನ್ನೆಯ ಮೂಳೆ ಮುರಿಯಿತು. ಮರುದಿನ ರೋಲಾಂದ್ ಇಡೀ ತಂಡದ ಅಂಗಿಗಳನ್ನು ತರಿಸಿಕೊಂಡು, ಪಟ್ಟಿಗಳನ್ನೆಲ್ಲ ಕಿತ್ತು, ಇಮ್ಮಡಿ ಬಟ್ಟೆಯ ಹೊಸ ಪಟ್ಟಿ ಹಾಕಿದರು. ಮೂಲೆಗಳಿಗೆ ಮೇಣ ಸವರಿದ, ಚಪ್ಪಲಿ ಹೊಲಿಯುವ ದಾರದಲ್ಲಿ ಕೈಹೊಲಿಗೆ. ಆಮೇಲೆ ಒಂದೂ ಕಿತ್ತಿಲ್ಲ.

ತಂಡದಲ್ಲಿ ಹೆಚ್ಚು ಹೊಡೆದಾಡುವವನು ಕೋಲ್ ವಿಟಿಂಗ್. ಮೂಗು ಎರಡು ಕಡೆ ಬಾಗಿದೆ. ಅಂಗಿ ಕೊಡಲು ಬಂದಾಗ ಕೌಂಟರಿಗೆ ಒರಗಿ ನಿಲ್ಲುತ್ತಾನೆ, ಮೆಮೇರ್ ತಂದ ಪ್ಲಾಯ್ ದೋಸೆಗಳಲ್ಲಿ ಕೇಳದೆಯೇ ಎರಡು ಸುತ್ತಿಕೊಳ್ಳುತ್ತಾನೆ. ಅವರ ಬಗ್ಗೆ ಏನಾದರೂ ಹೇಳು ಎಂದರೆ ಅಗಿಯುತ್ತಲೇ ಯೋಚಿಸುತ್ತಾನೆ.

"ಬೆನ್ನ ಮೇಲಿರೋ ಹೆಸರು ನಮ್ಮಪ್ಪಂದು. ಒಳಗಿರೋ ಪಟ್ಟಿ ಮೆಮೇರ್‌ದು. ಹೊಡೆದಾಟದಲ್ಲಿ ಅಪ್ಪ ಎಲ್ಲಿ ಬರ್ತಾನೆ?"

"ನೀನು ಸುಮ್ನೆ ಆಡಿದ್ರೆ ಎರಡೂ ಬೇಕಾಗಲ್ಲ," ಎನ್ನುತ್ತಾರೆ ರೋಲಾಂದ್, ಯಂತ್ರದಿಂದ ತಲೆಯೆತ್ತದೆ.

ಆ ಯಂತ್ರ ಶೂ ಕಾರ್ಖಾನೆಯದು. ಹೊಲಿಯುವ ಭಾಗ ಮೋಟು ಕಂಬದ ಮೇಲೆ ಕೂತಿದೆ, ಶೂವಿನ ಒಳಗೆಲ್ಲ ಸೂಜಿ ಹೋಗಲೆಂದು. ತೋಳಿನ ಒಳಗೂ ಚೆನ್ನಾಗಿ ಹೋಗುತ್ತದೆ. ಹದಿನೇಳನೇ ವಯಸ್ಸಿನಲ್ಲಿ ರೋಲಾಂದ್ ನದಿಯಂಚಿನ ಆ ಕಾರ್ಖಾನೆಗೆ ಸೇರಿದರು, ಅದು ಊರು ಬಿಡುವವರೆಗೂ ಇದ್ದರು. ಮದುವೆ, ಇಬ್ಬರು ಹೆಣ್ಣುಮಕ್ಕಳು, ಗಂಡ ಗಿಲ್ಬೇರ್‌ನ ಕಾಯಿಲೆ, ಎಲ್ಲ ಆ ಸೂಜಿಯ ಸದ್ದಿನ ಪಕ್ಕದಲ್ಲೇ ನಡೆದವು. ಕಾರ್ಖಾನೆಯವರು ಕೊನೆಗೆ ಹಳೆಯ ಸಾಮಾನನ್ನು ಅಂಗಳಕ್ಕೆ ತಂದಿಟ್ಟು ಮಾರಿದಾಗ, ರೋಲಾಂದ್ ತಮ್ಮ ಯಂತ್ರವನ್ನು ಗುರುತು ಹಿಡಿದು ಲಿಯೊನ ಟ್ರಕ್ಕಿನಲ್ಲಿ ತಂದರು. ಪೆಡಲಿನ ಮೇಲೆ ಅವರದೇ ಬಲಗಾಲು ಸವೆಸಿದ ಹಳ್ಳ ಇತ್ತು.

ಈಗ ಹೆರನ್ಸ್ ಊರು ಬಿಡುವ ಮಾತು ಬಂದಿದೆ. ಆಟ ನಡೆಯುವ ರಿಂಕಿನ ನೆಲದಡಿ ಮಂಜುಗಡ್ಡೆ ಕಟ್ಟಿಸುವ ಕೊಳವೆಗಳು ಹಳೆಯವು, ಅಲ್ಲಲ್ಲಿ ಸೋರುತ್ತವೆ. ಊರಿನವರು ಹೊಸದು ಹಾಕಿಸಿಕೊಡಲಿ ಎಂಬುದು ತಂಡದ ಮಾಲೀಕರ ಮಾತು. ತಂಡ ಇಲ್ಲೇ ಇರುತ್ತದೆಂದು ಬರೆದುಕೊಡಲಿ ಎಂಬುದು ಊರಿನವರ ಮಾತು. ಈ ಮಧ್ಯೆ ದಕ್ಷಿಣದ ಒಂದು ನಗರ ಹೊಸ ಕ್ರೀಡಾಂಗಣ ಕಟ್ಟಿಸಿಕೊಂಡು ತಂಡಕ್ಕಾಗಿ ಹುಡುಕುತ್ತಿದೆಯಂತೆ. ಅಲ್ಲಿ ಹಿಮ ಬೀಳುವುದಿಲ್ಲವಂತೆ. ಅಂಗಡಿಗೆ ಬಂದವರೆಲ್ಲ ಒಂದೊಂದು ಸುದ್ದಿ ತರುತ್ತಾರೆ. ಒಬ್ಬರು ಎಲ್ಲ ಮುಗಿದಿದೆ ಎನ್ನುತ್ತಾರೆ, ಇನ್ನೊಬ್ಬರು ಇದೆಲ್ಲ ಬೆದರಿಕೆ ಎನ್ನುತ್ತಾರೆ. ರೋಲಾಂದ್ ಎರಡಕ್ಕೂ ತಲೆಯಾಡಿಸುತ್ತಾರೆ.

ಅವರ ಕಣ್ಣಿರುವುದು ದಾರದ ಮೇಲೆ. ಹೆರನ್ಸ್ ತಂಡದ ಹಸಿರು, ಅಂಗಡಿಯಲ್ಲಿ ಸಿಗುವ ಹಸಿರಲ್ಲ, ಅದಕ್ಕೆಂದೇ ಬಣ್ಣ ಹಾಕಿಸಬೇಕು. ಮಾರ್ಚ್ ಮುಗಿಯುವುದರೊಳಗೆ ನೂಲಿನ ಗಿರಣಿಗೆ ಹೇಳಿದರೆ ಬೇಸಿಗೆಯ ಕೊನೆಗೆ ದೊಡ್ಡ ಉಂಡೆಗಳು ಬರುತ್ತವೆ, ಮುಂದಿನ ಚಳಿಗಾಲಕ್ಕೆ ಸಾಕಾಗುತ್ತವೆ. ಪ್ರತಿ ವರ್ಷ ಈ ಹೊತ್ತಿಗೆ ತಂಡದ ಕಚೇರಿಯಿಂದ ಒಂದು ಫೋನ್ ಬರುತ್ತಿತ್ತು. ಈ ವರ್ಷ ಬಂದಿಲ್ಲ. ಕೊನೆಯ ಉಂಡೆಯಲ್ಲಿ ದಾರದ ಸಂದಿನಿಂದ ಒಳಗಿನ ರಟ್ಟು ಕಾಣುತ್ತಿದೆ.

"ಶೂ ಕಾರ್ಖಾನೇಲೂ ಹೀಗೇ," ಎಂದು ಅವರು ಒಂದು ದಿನ ಹೇಳಿದರು. "ಮೊದಲು ದಾರ ತರಿಸೋದು ನಿಂತುಹೋಯ್ತು. ಇರೋದರಲ್ಲೇ ಮುಗಿಸಿ ಅಂದ್ರು. ನಾವು ಉಳಿತಾಯ ಮಾಡ್ತಿದಾರೆ ಅನ್ಕೊಂಡ್ವಿ."

ಹೋದ ಬುಧವಾರ ಗಸ್ ಹ್ಯಾಲೊರನ್ ಬಂದರು. ತಂಡದ ಸಾಮಾನು-ಸರಂಜಾಮೆಲ್ಲ ಅವರ ಕೈಯಲ್ಲಿದೆ: ಸ್ಕೇಟು ಹರಿತ ಮಾಡುವುದು, ಕೋಲುಗಳಿಗೆ ಟೇಪು ಸುತ್ತುವುದು, ಅಂಗಿಗಳನ್ನು ನಮ್ಮಲ್ಲಿಗೆ ತರುವುದು. ಗಟ್ಟಿ ದನಿಯ ಮನುಷ್ಯ, ಬಾಗಿಲಲ್ಲೇ ಯಾರನ್ನಾದರೂ ಕಿಚಾಯಿಸಿ ಒಳಗೆ ಬರುವವರು. ಅವತ್ತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

ಕಚೇರಿಯವರು ಒಂದು ಸಣ್ಣ ಕೆಲಸ ಹೇಳಿದ್ದಾರೆ ಎಂದರು. ಒಳಪಟ್ಟಿ ಹಾಕುವುದನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರೀಕರಿಸಿ ಕೊಡಬೇಕಂತೆ.

"ಯಾರಿಗೆ?" ಎಂದರು ರೋಲಾಂದ್.

"ಸುಮ್ನೆ ಇರ್ಲಿ ಅಂತ. ಇಟ್ಕೊಳ್ಳೋಕೆ."

ರೋಲಾಂದ್ ಯಂತ್ರ ನಿಲ್ಲಿಸಿದರು. "ಗಸ್, ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ, ಕಿವಿ ಕೆಂಪಾಗುತ್ತೆ. ಕೂತ್ಕೊ. ಕಾಫಿ ಕುಡಿ."

ಗಸ್ ಕೂತರು. ಯಾರಿಗೆಂದು ತಮಗೂ ಹೇಳಿಲ್ಲ ಎಂದರು. ತಮ್ಮನ್ನು ಕರೆದುಕೊಂಡು ಹೋಗುತ್ತಾರೋ ಇಲ್ಲವೋ ಅದನ್ನೂ ಹೇಳಿಲ್ಲವಂತೆ. ಕಾಫಿ ಊದುತ್ತಾ, "ನಮ್ಮ ಹಕ್ಕಿ ಇಷ್ಟು ವರ್ಷ ಒಂಟಿಕಾಲಲ್ಲಿ ನಿಂತಿತ್ತಲ್ಲ ಮೆಮೇರ್. ಇನ್ನೊಂದು ಕಾಲು ಯಾವ ಕೆರೇಲಿ ಊರಬೇಕು ಅಂತ ನೋಡ್ತಾ ಇತ್ತು," ಎಂದರು. ಯಾರೂ ನಗಲಿಲ್ಲ. ಗಸ್ ತಾವೂ ನಗಲಿಲ್ಲ.

ಅವರು ಹೋದ ಮೇಲೆ ರೋಲಾಂದ್ ಒಂದು ಹಳೆಯ ವಿಷಯ ಹೇಳಿದರು. ಕಾರ್ಖಾನೆ ಹೋಗುವ ಮುಂಚಿನ ವರ್ಷ ದೂರದೇಶದಿಂದ ಮೂವರು ಹೆಂಗಸರು ಬಂದಿದ್ದರು. ಕೆಲಸ ನೋಡಲು ಬಂದ ಅತಿಥಿಗಳು, ಚೆನ್ನಾಗಿ ತೋರಿಸಿಕೊಡಿ ಎಂದರು ಮೇಲಿನವರು. ಹಿಮ್ಮಡಿಯ ತಿರುವಿನಲ್ಲಿ ಚರ್ಮ ಸುಕ್ಕಾಗದ ಹಾಗೆ ಹೊಲಿಯುವುದು ಇಡೀ ಕಾರ್ಖಾನೆಯಲ್ಲಿ ರೋಲಾಂದ್‌ಗೆ ಮಾತ್ರ ಒಲಿದಿತ್ತು. ಭಾಷೆ ಬಾರದಿದ್ದರೂ ಅವರ ಕೈಯ ಮೇಲೆ ಕೈಯಿಟ್ಟು ಕಲಿಸಿದರು. ಮನೆಗೆ ಕರೆದು ಮಾಂಸದ ಕಡುಬು ಮಾಡಿ ಬಡಿಸಿದರು. ಹೋಗುವಾಗ ಒಬ್ಬಳು ತಾನೇ ಕಸೂತಿ ಹಾಕಿದ ಕರ್ಚೀಫು ಕೊಟ್ಟಳು. ಆಮೇಲೆ ಗೊತ್ತಾಯಿತು, ಕಾರ್ಖಾನೆ ಹೋಗಲಿದ್ದುದು ಅವರ ದೇಶಕ್ಕೆ, ಅವರು ಕಲಿಯಲು ಬಂದಿದ್ದು ಇವರ ಕೆಲಸವನ್ನೇ.

ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ.

"ಆ ಹುಡುಗೀರ ಮೇಲಾ? ಅವರಿಗೇನು ಗೊತ್ತಿತ್ತು. ಅವರ ಕೈ ಚೆನ್ನಾಗಿತ್ತು ಕಣೇ." ಅವರು ಸೂಜಿಗೆ ದಾರ ಪೋಣಿಸಲು ಎರಡು ಸಲ ನೋಡಿ, ಕೊನೆಗೆ ನನ್ನ ಕೈಗೆ ಕೊಟ್ಟರು. "ಮೇಲಿನ ಮಹಡೀಲಿ ಎಲ್ಲರಿಗೂ ಗೊತ್ತಿತ್ತು. ನಾನು ಕಡುಬು ಮಾಡ್ತೀನಿ ಅಂದಾಗ ಮ್ಯಾನೇಜರು ತುಂಬ ಒಳ್ಳೇದು ಅಂದ. ಅದೊಂದು ಮರೆಯಲ್ಲ."

ಮರುದಿನ ಬೆಳಿಗ್ಗೆ ಅವರು ತಲೆ ಬಾಚಿ, ಇಸ್ತ್ರಿ ಮಾಡಿದ ಉಡುಪು ಹಾಕಿಕೊಂಡು ಬಂದರು. ನಾನು ಫೋನ್ ಹಿಡಿದೆ. ಅವರು ಕೋಲ್‌ನ ಅಂಗಿಯನ್ನು ತಿರುಗಿಸಿ ಹಾಕಿ, ಪಟ್ಟಿ ಎಲ್ಲಿಗೆ ಬರಬೇಕೆಂದು ಬೆರಳಿನಿಂದ ಅಳೆದು ತೋರಿಸಿದರು. ಬಟ್ಟೆ ಮಡಚಿದರು. ಯಂತ್ರದಲ್ಲಿ ಸುತ್ತ ಹೊಲಿದರು, ಅಡ್ಡಡ್ಡ ಹೊಲಿದರು. ಅಲ್ಲಿಗೆ ಪಟ್ಟಿ ಮುಗಿದ ಹಾಗೇ ಕಾಣುತ್ತದೆ. ಮೂಲೆಯ ಕೈಹೊಲಿಗೆ ಒಳಗೆ ಹೋಗಿ ಒಳಗೇ ಮುಗಿಯುವುದರಿಂದ, ನೋಡದವರಿಗೆ ಅದಿದೆ ಎಂದೇ ತಿಳಿಯುವುದಿಲ್ಲ. ಅವರು ಕೈ ನಿಲ್ಲಿಸಿದರು. ಮೇಣದ ಬಿಲ್ಲೆ ಮೇಜಿನ ಖಾನೆಯಲ್ಲಿತ್ತು, ಖಾನೆ ಮುಚ್ಚಿತ್ತು. ಅವರು ಅಂಗಿಯನ್ನು ನೋಡುತ್ತಾ ಕೂತರು. ಫೋನ್ ಓಡುತ್ತಿತ್ತು. ನನ್ನ ಕೈ ನೋಯತೊಡಗಿತು.

ಆಮೇಲೆ ಖಾನೆ ಎಳೆದರು.

"ಹತ್ರ ಹಿಡಿ," ಎಂದರು. "ಈ ಮೂಲೆ ಕಾಣ್ಬೇಕು. ಎಲ್ಲಿಗೆ ಹೋದ್ರೂ ಏಟು ತಿನ್ನೋದು ಇವೇ ಹುಡುಗರು ತಾನೆ."

ಮೇಣ ಸವರುವುದನ್ನು ನಿಧಾನವಾಗಿ ತೋರಿಸಿದರು. ದಾರ ಎಷ್ಟು ಬಿಗಿಯಿರಬೇಕು, ಬಿಗಿ ಹೆಚ್ಚಾದರೆ ಬಟ್ಟೆ ಹೇಗೆ ಹರಿಯುತ್ತದೆ ಎಂಬುದನ್ನು ಎರಡು ಸಲ ಹೇಳಿದರು. ಮುಗಿದ ಮೇಲೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕುರ್ಚಿಯಿಂದ ಅರ್ಧ ಎದ್ದು, ಮೈಭಾರವೆಲ್ಲ ಹಾಕಿ ಜಗ್ಗಿದರು. ಕೀಳಲಿಲ್ಲ. ಮುಖದ ಮೇಲೆ ಸಣ್ಣ ತೃಪ್ತಿ ಬಂದು ಹೋಯಿತು. ಫೋನಿನಲ್ಲಿ ಅದೂ ಇದೆ.

ನಿಮಗೇನು ಬೇಕು ಎಂದು ಈ ಬರಹಕ್ಕಾಗಿ ನಾನು ಕೇಳಿದೆ. ತಂಡ ಉಳಿದರೆ ಸಂತೋಷ ಎಂದರು. ಶನಿವಾರ ಸಂಜೆ ರಿಂಕಿನಲ್ಲಿ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತು ಬೆನ್ನುಗಳನ್ನು ನೋಡುವುದು ಅವರಿಗೆ ಇಷ್ಟ. ಗೋಲು ಯಾರು ಹೊಡೆದರೆಂದು ಎಷ್ಟೋ ಸಲ ಅವರಿಗೆ ತಿಳಿಯುವುದೇ ಇಲ್ಲ. "ಹೋಗೋರನ್ನ ಹಿಡಿದಿಡಕ್ಕಾಗತ್ತಾ? ಹೋಗ್ತೀವಿ ಅಂತ ಈ ಸಲ ನನಗೆ ಮೊದಲೇ ಹೇಳ್ಲಿ. ಕಡುಬು ಮಾಡಿಸ್ಕೊಂಡು ಸುಮ್ನೆ ಇರೋದು ಬೇಡ."

ಶುಕ್ರವಾರ ಸಂಜೆ ರಿಂಕಿನ ಮೇಲಿನ ಹಾಲಿನಲ್ಲಿ ಸಭೆ. ಮಾಲೀಕರು ಬಂದಿಲ್ಲ, ಅವರ ಪರವಾಗಿ ಇಬ್ಬರು ಬಂದಿದ್ದಾರೆ. ಒಬ್ಬ ಒಳ್ಳೆಯ ಕೋಟಿನ ಯುವಕ, ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ. ಪಕ್ಕದಲ್ಲಿ ವಕೀಲರು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿದ್ದಾರೆ. ಹಿಂದಿನ ಕಾಲದ ಗೋಲ್‌ಕೀಪರೊಬ್ಬರು ಮಾತಾಡುತ್ತಾ ಅತ್ತರು. ಬೀದಿ ಬದಿಯ ಹೋಟೆಲಿನವರು ಆಟದ ದಿನಗಳಿಲ್ಲದೆ ತಮ್ಮ ಗತಿಯೇನು ಎಂದು ಕೇಳಿದರು. ಯುವಕ ಪ್ರತಿಯೊಬ್ಬರಿಗೂ ಧನ್ಯವಾದ ಹೇಳಿ, ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು ಅದೇ ಮಾತನ್ನು ಬೇರೆಬೇರೆ ರೀತಿ ಹೇಳುತ್ತಾನೆ. ಗಸ್ ಗೋಡೆಯ ಪಕ್ಕ ಟೋಪಿ ಹಿಡಿದು ನಿಂತಿದ್ದಾರೆ.

ರೋಲಾಂದ್ ಕೈಯೆತ್ತಿದಾಗ ಯಾರಿಗೂ ಕಾಣುವುದಿಲ್ಲ. ಕೋಲ್ ಅವರನ್ನು ತೋರಿಸಿ, "ಇಲ್ಲೊಬ್ಬರಿದಾರೆ," ಎನ್ನುತ್ತಾನೆ. ಅವರು ಏಳುತ್ತಾರೆ. ಕೈಚೀಲದಿಂದ ದಾರದ ಉಂಡೆ ತೆಗೆದು ಎದುರು ಹಿಡಿಯುತ್ತಾರೆ. ಹಸಿರಿಗಿಂತ ರಟ್ಟೇ ಹೆಚ್ಚು ಕಾಣುತ್ತದೆ.

"ನಾನು ಅಂಗಿ ಹೊಲಿಯೋಳು. ನೀವು ಕೇಳಿದ್ದನ್ನ ಫೋನಲ್ಲಿ ಕಳ್ಸಿದೀನಿ, ಸಿಕ್ಕಿರತ್ತೆ. ಈ ದಾರಕ್ಕೆ ಈ ತಿಂಗಳಲ್ಲೇ ಹೇಳ್ಬೇಕು. ಹಸಿರು ತರಿಸ್ಲೋ ಬೇಡ್ವೋ, ಅಷ್ಟು ಹೇಳ್ಬಿಡಿ."

ಯುವಕ ವಕೀಲರ ಕಡೆ ನೋಡುತ್ತಾನೆ. ವಕೀಲರು ಮೇಜಿನ ಕಡೆ ನೋಡುತ್ತಾರೆ. ಕೆಳಗೆ ನೆಲದಡಿ ಮಂಜುಗಡ್ಡೆಯ ಯಂತ್ರ ಗುಂಯ್‌ಗುಡುತ್ತಿದೆ. ರೋಲಾಂದ್ ಉಂಡೆ ಹಿಡಿದುಕೊಂಡು ನಿಂತೇ ಇದ್ದಾರೆ.