ಹೊಳೆ ದಾಟದ ವೆಂಕೂಬಾಯಿ

ಬೆಳಿಗ್ಗೆ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದೆ. ಎದುರುಮನೆಯ ಗುಡ್ಡಿಯ ತಾಯಿ ತನ್ನ ಕಿಟಕಿಯಿಂದಲೇ ಸುದ್ದಿ ಹೇಳಿದಳು: ಗಲ್ಲಿಯನ್ನು ಮತ್ತೆ ಅಗೆಯುತ್ತಿದ್ದಾರೆ, ದೊಡ್ಡ ಪೈಪು ಎಲ್ಲೋ ಸೋರುತ್ತಿದೆಯಂತೆ, ಇವತ್ತು ಸಂಜೆಯವರೆಗೆ ನಲ್ಲಿಯಲ್ಲಿ ನೀರಿಲ್ಲ. ಸುದ್ದಿಯ ಬೆನ್ನಿಗೇ ವಾಸನೆಯೂ ಮೆಟ್ಟಿಲು ಹತ್ತಿಕೊಂಡು ಬಂತು. ಕಾಶಿಯ ಮಣ್ಣಿನ ವಾಸನೆ ನಮ್ಮ ತುಮಕೂರು ಕಡೆಯ ಮಣ್ಣಿನಂಥದ್ದಲ್ಲ. ನಮ್ಮದು ಕೆಂಪುಮಣ್ಣು, ನಾಲ್ಕು ಹನಿ ಬಿದ್ದರೆ ಘಮ್ಮೆನ್ನುತ್ತದೆ. ಇಲ್ಲಿಯದು ಬಹಳ ಕಾಲ ಮುಚ್ಚಿಟ್ಟ ದೇವರ ಪೆಟ್ಟಿಗೆಯನ್ನು ತೆರೆದ ಹಾಗೆ. ತಣ್ಣಗೆ, ಸ್ವಲ್ಪ ಮುಗ್ಗಲು, ಸ್ವಲ್ಪ ಬೂದಿ, ಎಲ್ಲೋ ಒಣಗಿದ ಹೂವು. ಎರಡು ವರ್ಷದ ಕೆಳಗೆ ಇಡೀ ಚಳಿಗಾಲ ಈ ವಾಸನೆ ನಮ್ಮ ಮನೆಯಲ್ಲೇ ಬಿಡಾರ ಹೂಡಿತ್ತು. ನನ್ನ ಕೈ ಅಕ್ಕಿಯ ಮೇಲೆಯೇ ನಿಂತುಬಿಟ್ಟಿತು.

ನೀವು ಕಾಶಿಗೆ ಬಂದವರಾದರೆ ಸೋನಾರ್‌ಪುರದ ಗದ್ದಲ ಕಂಡೇ ಇರುತ್ತೀರಿ. ಅಲ್ಲಿಂದ ಗಂಗೆಯ ಕಡೆಗೆ ಇಳಿಯುವ ಗಲ್ಲಿಗಳಲ್ಲಿ ನಮ್ಮದೂ ಒಂದು. ನಮ್ಮ ಯಜಮಾನರು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಾರೆ. ಕ್ಯಾಂಪಸ್ಸಿನ ಒಳಗೆ ತೋಟವಿರುವ ಮನೆ ಸಿಗುತ್ತಿತ್ತು. ಗಂಗೆ ಹತ್ತಿರವಿರಲಿ ಎಂದು ಹಟ ಹಿಡಿದು ಈ ಹಳೇ ಮನೆಯ ಮಹಡಿಗೆ ಅವರನ್ನು ಕರೆತಂದವಳು ನಾನು. ಬೇಸಿಗೆಯಲ್ಲಿ ಹಂಚಿನಂತೆ ಕಾಯುವ ಈ ಕೋಣೆಯಲ್ಲಿ ಕೂತು ಅವರು ಆ ತೋಟವನ್ನು ಆಗಾಗ ನೆನಪಿಸುತ್ತಾರೆ. ನಾನು ಎದ್ದು ಗಂಗೆಯ ಕಡೆಯ ಕಿಟಕಿ ತೆರೆಯುತ್ತೇನೆ.

ಕೆಳಗಿನ ಒಂದೇ ಕೋಣೆಯಲ್ಲಿ ವೆಂಕೂಬಾಯಿ ಇದ್ದಾರೆ. ಗದಗಿನ ಹತ್ತಿರದ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ಘಾಟಿನಲ್ಲಿ ನೀರು ಬಿಟ್ಟು ಕ್ಷೇತ್ರ ಸಂನ್ಯಾಸದ ಸಂಕಲ್ಪ ಮಾಡಿದವರು. ಕಾವಿ ಉಡುವುದೇನೂ ಇಲ್ಲ ಅದರಲ್ಲಿ. ಉಸಿರಿರುವವರೆಗೆ ಕಾಶಿಯ ಎಲ್ಲೆ ದಾಟುವುದಿಲ್ಲ, ಗಂಗೆಯ ಆಚೆ ದಡಕ್ಕೂ ಹೋಗುವುದಿಲ್ಲ, ಅಷ್ಟೇ. ಆ ‘ಅಷ್ಟೇ’ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಅವರ ತಮ್ಮನ ಮಗಳ ಮದುವೆ ಕರೆಯೋಲೆ ಬಂದಾಗ. ಅದನ್ನು ಹಣೆಗೊತ್ತಿ ದೇವರ ಮುಂದಿಟ್ಟರು, ಕಣ್ಣೊರೆಸಿಕೊಂಡರು, ಕೋಲು ಹಿಡಿದು ಹೊಳೆಗೆ ಹೋದರು. ದಿನಾ ಬೆಳಿಗ್ಗೆ ಗಂಗೆಯಲ್ಲಿ ಮಿಂದು, ಮಡಿಯಲ್ಲಿ ಪುಟ್ಟ ಕೊಡದ ತುಂಬ ನೀರು ತಂದು, ಅದರಲ್ಲೇ ಅವರ ಅಡಿಗೆ, ಅದೇ ಅವರ ಕುಡಿಯುವ ನೀರು. ಆ ಕೊಡವನ್ನು ಯಾರೂ ಮುಟ್ಟುವ ಹಾಗಿಲ್ಲ. ನನ್ನ ಮಗಳು ಪುಟ್ಟವಳಿದ್ದಾಗ ಒಂದು ಸಲ ಮುಟ್ಟಿದಳು. ಬೈಯಲಿಲ್ಲ, ನೀರನ್ನು ತುಳಸಿಗೆ ಸುರಿದು ಮತ್ತೆ ಅಷ್ಟೂ ಮೆಟ್ಟಿಲು ಇಳಿದು ಹೋದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲ ನಮ್ಮ ಗಲ್ಲಿಯ ಅಡಿಯಲ್ಲಿ ದೊಡ್ಡ ನೀರಿನ ಪೈಪು ಹೋಗುತ್ತದೆ ಎಂದಾಯಿತು. ಮೊದಲು ನನಗೆ ಸಂತೋಷವೇ. ನಮ್ಮ ಹಳೇ ನಲ್ಲಿ ಕೆಮ್ಮುವ ಮುದುಕನ ಹಾಗೆ, ಹತ್ತು ಸಲ ಕೆಮ್ಮಿ ಒಂದು ಸಲ ಉಗುಳುತ್ತಿತ್ತು. ಆಮೇಲೆ ಪೈಪುಗಳು ಬಂದವು. ಕಪ್ಪು ಕಬ್ಬಿಣದವು, ನಮ್ಮೂರ ಬಚ್ಚಲ ಹಂಡೆಯಷ್ಟು ಅಗಲದ ಬಾಯಿ. ಗಲ್ಲಿಯ ಬಾಯಲ್ಲಿ ಸಾಲಾಗಿ ಮಲಗಿದ್ದವು. ಹಸುಗಳು ಮೂಸಿ ನೋಡಿ ಮುಂದೆ ಹೋದವು. ಇ-ರಿಕ್ಷಾಗಳು ಸೋನಾರ್‌ಪುರದಲ್ಲೇ ನಿಂತವು. ಗ್ಯಾಸ್ ಸಿಲಿಂಡರು ತಲೆಯ ಮೇಲೆ ಬಂತು. ಒಣಗಲು ಹಾಕಿದ ಹಪ್ಪಳಕ್ಕೆ ಮಣ್ಣಿನ ಒಗ್ಗರಣೆ ಬಿತ್ತು. ಆದರೆ ಗಾಡಿಗಳ ಹಾರನ್ ನಿಂತದ್ದರಿಂದ ಸಂಜೆಯ ಆರತಿಯ ಗಂಟೆ ನನ್ನ ಅಡಿಗೆಮನೆಗೆ ಕೇಳತೊಡಗಿತು. ಇಷ್ಟು ವರ್ಷ ಆ ಗಂಟೆ ಬಾರಿಸುತ್ತಲೇ ಇತ್ತು, ನಾನು ಕುಕ್ಕರಿನ ಸೀಟಿಯನ್ನಷ್ಟೇ ಕೇಳಿಸಿಕೊಂಡಿದ್ದೆ. ಹಪ್ಪಳ ಹೋದರೆ ಹೋಯಿತು ಎಂದುಕೊಂಡೆ.

ಅಗೆದ ಗುಂಡಿಯನ್ನು ನೋಡಲು ನಾನು ದಿನಾ ಒಂದು ನೆಪ ಹುಡುಕುತ್ತಿದ್ದೆ. ಗಲ್ಲಿಯ ಚಪ್ಪಡಿಯ ಕೆಳಗೆ ಸಣ್ಣ ಇಟ್ಟಿಗೆಯ ಇನ್ನೊಂದು ನೆಲ. ಅದರ ಕೆಳಗೆ ಬೂದಿ, ಮತ್ತೆ ಇಟ್ಟಿಗೆ, ಯಾರದೋ ಮನೆಯ ಗೋಡೆಯ ತುದಿ, ಅದರ ಸಂದಿಯಲ್ಲಿ ಮಸಿ ಹಿಡಿದ ಮಣ್ಣಿನ ಹಣತೆ. ನಾವು ನೆಲ ಅಂದುಕೊಂಡು ರಂಗೋಲಿ ಬಿಟ್ಟದ್ದು ಯಾರದೋ ಮಾಳಿಗೆಯ ಮೇಲೆ. ಆ ಹಣತೆ ಹಚ್ಚಿದವಳಿಗೂ ಅಕ್ಕಿಯಲ್ಲಿ ಕಲ್ಲು ಸಿಕ್ಕಿರಬೇಕು, ಅವಳೂ ಒಲೆಯ ಮೇಲಿಟ್ಟ ಹಾಲನ್ನು ಮರೆತು ಬಂದು ಗಲ್ಲಿಯಲ್ಲಿ ನಿಂತಿರಬೇಕು. ಹೀಗೆಲ್ಲ ಅನ್ನಿಸಿ ಮೈ ಜುಮ್ಮೆಂದಿತು. ಅಷ್ಟರಲ್ಲಿ ನನ್ನ ಹಾಲೂ ಉಕ್ಕಿತ್ತೆನ್ನಿ.

ಗುಂಡಿ ನಮ್ಮ ಮನೆಯ ಕಡೆಗೆ ಬರುತ್ತಿದ್ದಾಗ ಕೆಲಸದ ಇಂಜಿನಿಯರು ಬಂದರು. ಎಳೆಯ ಪ್ರಾಯ, ಬೇರೆ ಊರಿನವರು, ತುಂಬ ಮರ್ಯಾದಸ್ಥರು. ನಮ್ಮ ಮನೆಯ ಗೋಡೆ ಹಳೆಯದು, ಯಂತ್ರ ಅಗೆಯುವಾಗ ಒಳಗೆ ಜನ ಇರುವುದು ಅಪಾಯ, ಒಂದಷ್ಟು ದಿನ ಮನೆ ಬಿಡಬೇಕು ಎಂದರು. ಅದಕ್ಕೆಂದೇ ರಾಮನಗರದಲ್ಲಿ ಕೋಣೆಗಳನ್ನು ಗೊತ್ತು ಮಾಡಿದ್ದರು. ನೆಲಮಟ್ಟದ್ದು, ಬಿಸಿಲು ಬೀಳುವಂಥದ್ದು, ಅಜ್ಜಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ ಎಂದು ಅವರೇ ನೋಡಿ ಆರಿಸಿದ್ದರಂತೆ. ವೆಂಕೂಬಾಯಿಗೆ ಹಿಂದಿ ಅಷ್ಟಕ್ಕಷ್ಟೇ. ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಬಂದೆ. ಬಿಸಿಲು ಹೇಳಿದೆ, ನೆಲಮಟ್ಟ ಹೇಳಿದೆ. ಊರಿನ ಹೆಸರನ್ನು ಮಾತ್ರ ನಾನು ಹೇಳುವ ಮೊದಲೇ ಅವರು ಹಿಡಿದುಕೊಂಡಿದ್ದರು.

“ರಾಮನಗರ ಅಂದರ ಹೊಳಿ ಆಚೆ ದಂಡಿ ಅಲ್ಲೇನು?” ಎಂದರು ವೆಂಕೂಬಾಯಿ.

ಹೌದೆಂದೆ.

“ಹಂಗಾರ ಆಗೂದಿಲ್ಲಂತ ಹೇಳವಾ. ಹುಡುಗನ ಮನಸ್ಸು ಛಲೋ ಅದ, ಅದನ್ನೂ ಹೇಳು.”

ಇಂಜಿನಿಯರು ಕೆಲವೇ ದಿನ ಎಂದರು. ನಮ್ಮ ಯಜಮಾನರೂ, ಸೇತುವೆ ದಾಟಿ ಹೋಗಿ ಬಂದರೆ ಅಷ್ಟರಲ್ಲಿ ಏನು ಪ್ರಾಣ ಹೋಗುತ್ತದೆ ಎಂದುಬಿಟ್ಟರು. ವೆಂಕೂಬಾಯಿ ಅವರ ಕಡೆ ತಿರುಗಿದರು. “ಹೋಗೂದಿಲ್ಲಂತ ನೀವು ಬರದು ಕೊಡ್ತೀರೇನು, ಮಾಸ್ತರ? ಆಚೆ ದಂಡಿಗೆ ಸತ್ತರ ಕತ್ತಿ ಆಗಿ ಹುಟ್ಟತಾರಂತ. ಈ ಜನ್ಮದಾಗ ಹೊತ್ತದ್ದು ಸಾಕಾಗೇದ ನನಗ.” ನಾನು ಈ ಕತ್ತೆಯ ಮಾತನ್ನು ಹಿಂದಿಗೆ ತಿರುಗಿಸಿದಾಗ ಇಂಜಿನಿಯರು ನಕ್ಕರು. ಅಜ್ಜಿ ನಗುತ್ತಿಲ್ಲ ಎಂದು ಕಂಡು ನಗು ನಿಲ್ಲಿಸಿದರು.

ಈಚೆ ದಡದಲ್ಲೇ ಒಂದು ಕೋಣೆ ಹುಡುಕೋಣ ಎಂದು ನಾನು ಗೋದೌಲಿಯಾದವರೆಗೂ ಅಲೆದೆ. ಮಾಘಸ್ನಾನದ ಜನ, ಧರ್ಮಶಾಲೆಗಳ ವರಾಂಡದಲ್ಲೂ ಹಾಸಿಗೆ ಬಿದ್ದಿದ್ದವು. ಎಲ್ಲೋ ಒಂದು ಖಾಲಿ ಇದ್ದರೆ ಅದು ಮೂರನೇ ಮಹಡಿ. ಗಲ್ಲಿಯವರು ತಮ್ಮ ಮನೆಗೆ ಕರೆದರು. ಈರುಳ್ಳಿ ಬೇಯುವ ಮನೆಯಲ್ಲಿ ಅವರು ನಿಲ್ಲುವವರಲ್ಲ. ಕೊನೆಗೆ ವೆಂಕೂಬಾಯಿ ತಾವೇ ಉಪಾಯ ಹೇಳಿದರು: ಘಾಟಿನ ಮೆಟ್ಟಿಲ ಮೇಲೆ ಕೂರುತ್ತಾರಂತೆ, ಕಂಬಳಿ ಇದೆಯಂತೆ. ಹೊರಗೆ ಆಚೆ ದಡ ಕಾಣದಷ್ಟು ಮಂಜು. ಅವರ ಎದೆಯಲ್ಲಿ ಉಬ್ಬಸದ ಸಿಳ್ಳು ನನಗೆ ಮಹಡಿಗೆ ಕೇಳುತ್ತಿತ್ತು. ಹೊಳೆ ದಾಟಿದರೆ ಸಂಕಲ್ಪ ಹೋಗುತ್ತದೆ, ಮೆಟ್ಟಿಲ ಮೇಲೆ ಕೂತರೆ ಜೀವ ಹೋಗುತ್ತದೆ. ಅನ್ನಪೂರ್ಣೆಗೆ ಹರಕೆ ಹೊತ್ತೆ. ಏನು ಬೇಡಬೇಕೆಂದು ತಿಳಿಯದೆ, ನೀನೇ ನೋಡಿಕೋ ಎಂದೆ.

ಕೆಲಸದ ಮೇಸ್ತ್ರಿ ರಾಮಾಸರೇ ಎಂಬವನು ಈ ಊರಿನವನೇ. ಇಂಜಿನಿಯರು ಅಜ್ಜಿಯ ಹಟದ ವಿಷಯ ಹೇಳುತ್ತಿದ್ದಾಗ ನಾನು ಅಲ್ಲೇ ಬಾಗಿಲಲ್ಲಿದ್ದೆ. ರಾಮಾಸರೇ ಒಂದೇ ಮಾತು ಕೇಳಿದ: “ಮಾತಾಜೀ ಸಂಕಲ್ಪ ಮಾಡಿದ್ದಾರಾ?” ಹೌದೆಂದೆ. ಅವನು ಬಾಯಲ್ಲಿದ್ದ ಪಾನ್ ಉಗುಳಿ ಬಂದು, ನಮ್ಮ ಗೋಡೆಯನ್ನು ಕೈಯಿಂದ ತಟ್ಟುತ್ತಾ ಉದ್ದಕ್ಕೆ ನಡೆದ. ಇಂಜಿನಿಯರೂ ಅವನ ಹಿಂದೆ ನಡೆದರು. ಇಬ್ಬರೂ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಏನೇನೋ ಗೀಚಿದರು, ವಾದ ಮಾಡಿದರು, ಚಹಾ ಕುಡಿದರು. ಆಮೇಲೆ ಇಂಜಿನಿಯರು ನನ್ನ ಹತ್ತಿರ ಬಂದು, ನಮ್ಮ ಮನೆಯ ಮುಂದೆ ಯಂತ್ರ ಬರುವುದಿಲ್ಲ ಎಂದರು. ಕೈಯಲ್ಲೇ ಅಗೆಯುತ್ತಾರೆ, ತುಂಡು ತುಂಡಾಗಿ, ಗೋಡೆಗೆ ಮರದ ಆನಿಕೆ ಕೊಟ್ಟು. ತಡವಾದರೆ ಮೇಲಿನವರಿಗೆ ಉತ್ತರ ತಾವೇ ಹೇಳಿಕೊಳ್ಳುತ್ತಾರಂತೆ. ಒಂದೇ ಷರತ್ತು, ಕೆಲಸ ನಡೆಯುವ ಹೊತ್ತಿನಲ್ಲಿ ಅಜ್ಜಿಯಾಗಲಿ ನಾವಾಗಲಿ ಒಳಗಿರಬಾರದು.

ನಾವು ಗಲ್ಲಿಯಲ್ಲಿ ಯಾರ ಮನೆಯಲ್ಲಾದರೂ ಕಳೆದೇವು, ಹಗಲು ಅವರನ್ನು ಎಲ್ಲಿ ಕೂರಿಸುವುದು? ಗುಡ್ಡಿಯ ತಾಯಿ ಕಿಟಕಿಯಿಂದ ಕೇಳಿದಳು, ತಮ್ಮ ಮನೆಯ ಕೊಟ್ಟಿಗೆ ಆಗುತ್ತದಾ ಎಂದು. ನನಗೆ ನಾಚಿಕೆಯಾಯಿತು, ಅಷ್ಟು ಹಿರಿಯರನ್ನು ದನದ ಕೊಟ್ಟಿಗೆಗೆ ಹೇಗೆ ಕಳಿಸುವುದು? ಹೇಳಲೋ ಬೇಡವೋ ಎಂದುಕೊಂಡೇ ಹೇಳಿದೆ. ವೆಂಕೂಬಾಯಿಯ ಮುಖ ಅರಳಿತು. “ಆಕಳ ಇದ್ದಲ್ಲೆ ಎಲ್ಲೀ ಮೈಲಿಗಿ? ಇಷ್ಟ ದಿವಸ ಯಾಕ ಹೇಳಲಿಲ್ಲವಾ ನೀನು?”

ಹೀಗೆ ಅವರು ದಿನಾ ಬೆಳಿಗ್ಗೆ, ಕೆಲಸದವರು ಅವರಿಗೆಂದೇ ಹಾಸಿದ ಹಲಗೆಯ ಮೇಲೆ ಗುಂಡಿ ದಾಟಿ ಸ್ನಾನಕ್ಕೆ ಹೋಗಿ ಬಂದು, ಕೊಡದೊಂದಿಗೆ ಕೊಟ್ಟಿಗೆಯಲ್ಲಿ ಕೂತರು. ಹಸುವಿನ ಮೈಕಾವಿಗೆ ಉಬ್ಬಸವೂ ಇಳಿಯಿತು. ನಮ್ಮ ಬಾಗಿಲ ಮುಂದೆ ಗುದ್ದಲಿಯ ಸದ್ದು, ಎದುರಿಗೆ ಜಪಮಣಿಯ ಸದ್ದು.

ಪೈಪು ಇಳಿಸಿದ ದಿನ ಬಿಸಿಲು ಬಿದ್ದಿತ್ತು. ಮೂರು ಕಾಲಿನ ಕಂಬಕ್ಕೆ ಸರಪಳಿ ಕಟ್ಟಿ ಅದನ್ನು ಎತ್ತಿದಾಗ, ಅಷ್ಟು ದೊಡ್ಡ ಕಬ್ಬಿಣ ತೊಟ್ಟಿಲ ಹಾಗೆ ತೂಗಿತು. ಗಲ್ಲಿಯ ಹೆಂಗಸರೆಲ್ಲ ಬಾಗಿಲಲ್ಲಿದ್ದೆವು. ಎಲ್ಲರೂ ಒಟ್ಟಿಗೆ “ಹರ ಹರ ಮಹಾದೇವ” ಎಂದರು. ಪೈಪು ಇಂಚಿಂಚಾಗಿ ನಮ್ಮ ಗೋಡೆಯ ಪಕ್ಕ ಇಳಿದು ಮಲಗಿತು. ಗೋಡೆಯ ಒಂದು ಸುಣ್ಣದ ಚಕ್ಕೆಯೂ ಬೀಳಲಿಲ್ಲ. ವೆಂಕೂಬಾಯಿ ಕೊಟ್ಟಿಗೆಯಿಂದ ಎದ್ದು ಬಂದು ನನ್ನ ಕೈಗೆ ಅರಿಸಿನ ಕುಂಕುಮದ ಭರಣಿ ಕೊಟ್ಟರು. “ನಾ ಹಚ್ಚೂ ಹಂಗಿಲ್ಲ. ನೀ ಮುತ್ತೈದಿ, ನೀ ಹಚ್ಚು. ಒಳಗ ಗಂಗಿ ಬರಾಕಿ ಇದ್ದಾಳ.”

ರಾಮಾಸರೇ ಏಣಿ ಹಿಡಿದ. ಸೆರಗು ಬಿಗಿದು ಇಳಿದೆ. ಹಳೇ ಮನೆಗಳ ಗೋಡೆಗಳು ನನ್ನ ತಲೆಗಿಂತ ಮೇಲೆ ಇದ್ದವು. ಪೈಪಿನ ಬಾಯಿಗೆ ಅರಿಸಿನ ಕುಂಕುಮ ಹಚ್ಚಿ, ಏನು ತೋಚಿತೋ, ಒಳಗೆ ಬಗ್ಗಿ “ಅಮ್ಮಾ” ಎಂದೆ. ನನ್ನ ದನಿ ಒಳಗೆ ಹೋಯಿತು. ಹೋಯಿತು, ಹೋಯಿತು, ಊರೆಲ್ಲ ಸುತ್ತಿ ಬಂದ ಹಾಗೆ ದೊಡ್ಡದಾಗಿ, ನನ್ನದಲ್ಲವೆಂಬಂತೆ ತಿರುಗಿ ಬಂತು. ದೇವಸ್ಥಾನದ ಎಷ್ಟೋ ಗರ್ಭಗುಡಿಗಳ ಮುಂದೆ ನಿಂತಿದ್ದೇನೆ. ಕೂಗಿದ್ದಕ್ಕೆ ಹಾಗೆ ಉತ್ತರ ಬಂದದ್ದು ಅಲ್ಲಿ ಮಾತ್ರ.

ಬೇಸಿಗೆಗೆ ನೀರು ಬಂತು. ವೆಂಕೂಬಾಯಿಯ ಬಾಗಿಲಿಗೂ ಒಂದು ನಲ್ಲಿ. ತಿರುಗಿಸಿದೆ, ಭರ್ರೆಂದು ಬಿದ್ದು ಅವರ ಕಾಲು ತೋಯಿಸಿತು. ಅದೆಲ್ಲಿಯ ನೀರು ಎಂದು ಕೇಳಿದರು. ಹೊಳೆಯದೇ, ಶುದ್ಧ ಮಾಡಿ ಕಳಿಸುತ್ತಾರೆ ಎಂದೆ. ಒದ್ದೆಯಾದ ಹೊಸ್ತಿಲನ್ನು ಕೋಲಿನಿಂದ ತೋರಿಸಿದರು. “ನಾ ಹೊಳಿ ದಾಟಲಿಲ್ಲ. ಅದ ನನ್ನ ಹೊಸ್ತಿಲ ದಾಟಿ ಬಂತು ನೋಡು” ಎಂದರು. ಇಷ್ಟು ಹೇಳಿದ ಮೇಲೆ ನಲ್ಲಿ ನೀರು ಕುಡಿದರೆಂದುಕೊಂಡಿರಾ? ಇಲ್ಲ. ಅದರಲ್ಲಿ ಬಟ್ಟೆ ಒಗೆದರು, ಅಂಗಳ ತೊಳೆದರು. ಕುಡಿಯಲು ತಮ್ಮ ಕೊಡವೇ. ಇವತ್ತಿಗೂ ಕೋಲೂರಿಕೊಂಡು ಹೊಳೆಗೆ ಹೋಗುತ್ತಾರೆ, ಕೊಡ ಈಗ ಇನ್ನೂ ಸಣ್ಣದು.

ಮೊರ ಹಿಡಿದುಕೊಂಡೇ ಇಷ್ಟೆಲ್ಲ ನೆನೆಯುತ್ತಾ ಕೂತಿದ್ದೆ. ಕೆಳಗಿನಿಂದ ಕೋಲು ಮೆಟ್ಟಿಲಿಗೆ ತಾಗಿದ ಸದ್ದು. ಇಣುಕಿದೆ. ವೆಂಕೂಬಾಯಿ ಒದ್ದೆ ಸೀರೆಯಲ್ಲೇ ನಿಂತು, ಕೊಡವನ್ನು ಮೊದಲನೇ ಮೆಟ್ಟಿಲ ಮೇಲೆ ಇಡುತ್ತಿದ್ದರು.

“ನಲ್ಲಿ ಬಂದ್ ಅಂತಲ್ಲ. ತಗೋ, ಅನ್ನಕ್ಕ ಆಗ್ತದ.”

ನಿಮಗೆ ಬೇಡವೇ ಎಂದೆ. ತಮ್ಮ ತಂಬಿಗೆ ಎತ್ತಿ ತೋರಿಸಿದರು. ಮುಟ್ಟಲೇ ಎಂದು ಕೇಳಬೇಕೆಂದಿದ್ದೆ. ಅವರು ಆಗಲೇ ಒಳಗೆ ಹೋಗಿದ್ದರು.

ಇಳಿದು, ಕೊಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದೆ. ಅಕ್ಕಿ ತೊಳೆದೆ. ತೊಳೆದ ನೀರನ್ನು ಮೋರಿಗೆ ಚೆಲ್ಲಲು ಮನಸ್ಸಾಗದೆ ತುಳಸಿಗೆ ಹಾಕಿದೆ. ಅನ್ನಕ್ಕೆ ಎಸರಿಟ್ಟು ಒಲೆ ಹಚ್ಚಿದೆ.