ಒಳಕೋಣೆಯಿಂದ ಬಂದ ಮಂಚ

ದೆವ್ವ, ಗಾಳಿ, ಮಾಟ ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ನಂಬದಿರುವುದಷ್ಟೇ ಅಲ್ಲ, ಊರೂರಿನ ಕಟ್ಟೆಗಳ ಮೇಲೆ ನಿಂತು ಅವುಗಳ ವಿರುದ್ಧ ಮಾತನಾಡಿದ್ದೇನೆ. ಅಂಥ ಮಾತುಗಳ ಮರೆಯಲ್ಲಿ ಹೆಂಗಸರು ಚಿಕಿತ್ಸೆ ಸಿಗದೆ ಸಾಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮುಂದಿನದನ್ನು ಓದಿ ಯಾರಾದರೂ ಮಂತ್ರವಾದಿಯ ಮನೆಯ ದಾರಿ ಹಿಡಿದರೆ ಅದು ನನಗೆ ಮಾಡುವ ಅನ್ಯಾಯ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಅದರ ಅರ್ಥ ನನಗೂ ತಿಳಿದಿಲ್ಲ.

ಕೆಲವು ವರ್ಷಗಳ ಹಿಂದೆ, ಲಿವರ್ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ವೈದ್ಯಕೀಯ ತಂಡವೊಂದರ ಜೊತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಸುತ್ತಿದೆ. ಜನರಿಗೆ ವಿಷಯ ತಿಳಿಸಿ ಅವರ ಒಪ್ಪಿಗೆ ಪಡೆಯುವುದು ನನ್ನ ಕೆಲಸವಾಗಿತ್ತು. ರಕ್ತ ತೆಗೆದುಕೊಂಡು ಹೋದವರು ಫಲಿತಾಂಶವನ್ನೂ ತಂದುಕೊಡಬೇಕು ಎಂಬ ಷರತ್ತಿನ ಮೇಲೆಯೇ ನಾನು ಸೇರಿದ್ದೆ. ಬಡವರ ರಕ್ತ ನಗರಕ್ಕೆ ಹೋಗಿ ಪ್ರಬಂಧವಾಗುತ್ತದೆ. ಬಡವರ ಮನೆಗೆ ಮಾತ್ರ ಏನೂ ಮರಳಿ ಬರುವುದಿಲ್ಲ. ತಂಡದ ಮುಖ್ಯ ವೈದ್ಯೆ ಮರುಮಾತಿಲ್ಲದೆ ಒಪ್ಪಿದ್ದರು. ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ಆ ಕಡೆಯ ಹಳ್ಳಿಗಳಲ್ಲಿ ಲಿವರ್ ಕಾಯಿಲೆ ಎಂದರೆ ಕುಡುಕರ ಕಾಯಿಲೆ. ಶುದ್ಧವಲ್ಲದ ಸೂಜಿಯಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುವ ವೈರಸ್ಸಿನಿಂದಲೂ ಅದು ಬರುತ್ತದೆ ಎಂದು ನಾವು ಎಷ್ಟು ಹೇಳಿದರೂ ಹಣೆಪಟ್ಟಿ ಕಳಚುತ್ತಿರಲಿಲ್ಲ. ಗಂಡಸಿಗೆ ಬಂದರೆ ನಗೆ, ಹೆಂಗಸಿಗೆ ಬಂದರೆ ಕಳಂಕ.

ನಮ್ಮಲ್ಲಿ ಒಂದು ಯಂತ್ರವಿತ್ತು. ಅದರ ಸಣ್ಣ ಕೋಲನ್ನು ಬಲಪಕ್ಕೆಯ ಎಲುಬುಗಳ ನಡುವೆ ಒತ್ತಿ ಹಿಡಿದರೆ, ಯಾರೋ ಬೆರಳಿನಿಂದ ಚಿಮ್ಮಿದಂತೆ ಟಕ್ ಎನ್ನುತ್ತದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದು ಸಂಖ್ಯೆಯಾಗಿ ತೆರೆಯ ಮೇಲೆ ಮೂಡುತ್ತದೆ. ಸಂಖ್ಯೆ ಏರಿದಷ್ಟೂ ಕೇಡು. ಜನ ಯಂತ್ರಕ್ಕೆ ಹೆದರುತ್ತಿದ್ದರು. ಅದಕ್ಕಾಗಿ ಪ್ರತಿ ಊರಿನಲ್ಲೂ ಮೊದಲು ನಮ್ಮ ವ್ಯಾನಿನ ಚಾಲಕ ಹಾಲೇಶ ಎಲ್ಲರೆದುರು ಅಂಗಿ ಎತ್ತಿ ಮಲಗುವುದು ಪದ್ಧತಿಯಾಗಿತ್ತು. ಸಾಸ್ವೆಹಳ್ಳಿ ಕಡೆಯವನು, ಗಟ್ಟಿ ಆಳು. "ನೋಡ್ರಪ್ಪಾ, ನಾನೇನು ಸತ್ನಾ? ಇಲ್ಲಲ್ಲ! ಬರ್ರಿ ಮತ್ತೆ" ಎಂದು ಎದ್ದು ಕೂತರೆ ಜನ ನಕ್ಕು ಸಾಲು ನಿಲ್ಲುತ್ತಿದ್ದರು. ಯಾವ ವರದಿಯಲ್ಲೂ ಅವನ ಹೆಸರಿಲ್ಲ. ಅದೂ ಒಂದು ಅನ್ಯಾಯವೇ.

ಆ ದಿನ ಜಗಳೂರಿನಿಂದ ಆಚೆಗಿನ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮ ಮಡಚುವ ಮಂಚ ಹಿಂದಿನ ದಿನ ನ್ಯಾಮತಿಯಲ್ಲೇ ಉಳಿದುಹೋಗಿತ್ತು. ಶಾಲೆಯ ಜಗುಲಿಯಲ್ಲಿ ನಾವು ಪರದಾಡುವುದನ್ನು ಕಂಡ ಓಬಮ್ಮ ಎಂಬ ವೃದ್ಧೆ, ತನ್ನ ಮನೆಯಿಂದ ಒಂದು ನವಾರಿನ ಮಂಚ ಹೊರಿಸಿ ತಂದಳು. "ಡಾಕ್ಟ್ರು ಬಂದಾರೆ, ಊರಿನ ಮರ್ಯಾದಿ ಐತಲ್ರಿ" ಎಂದಳು. ನಾನು ಕೈಮುಗಿದೆ.

ಹಾಲೇಶ ಮಲಗಿದ. ತಂತ್ರಜ್ಞೆ ಶಬಾನಾ ಕೋಲನ್ನು ಒತ್ತಿದಳು. ತೆರೆಯ ಮೇಲಿನ ಸಂಖ್ಯೆ ನೋಡಿ ಅವಳ ಮುಖ ಬಿಗಿಯಾಯಿತು. ಕಾಯಿಲೆ ಬಹಳ ಮುಂದುವರಿದವರಲ್ಲಿ ಮಾತ್ರ ಕಾಣುವ ಸಂಖ್ಯೆ ಅದು. ಜನರಿಗೆ ಅನುಮಾನ ಬಾರದಿರಲೆಂದು ಅವಳು ನಗುತ್ತಲೇ ಕೇಳಿದಳು: "ಹಾಲೇಶಣ್ಣ, ಜಗಳೂರು ಬಸ್‌ಸ್ಟ್ಯಾಂಡಾಗೆ ಮಂಡಕ್ಕಿ ಮೆಣಸಿನಕಾಯಿ ಹೊಡ್ದಿಯೇನು?"

"ಒಂದೇ ಪ್ಲೇಟ್ ಕಣವ್ವಾ, ಆಣೆಗೂ!"

ತಿಂದಿದ್ದರೆ ಸಂಖ್ಯೆ ತುಸು ಏರುವುದುಂಟು, ಇಷ್ಟಲ್ಲ. ಮತ್ತೆ ನೋಡಿದಳು, ಅದೇ ಬಂತು. ಶಬಾನಾ ತಾನೇ ಮಲಗಿ ವೈದ್ಯೆಯಿಂದ ನೋಡಿಸಿಕೊಂಡಳು. ಅವಳದು ಎಂದಿನಂತೆಯೇ ಇತ್ತು. ಯಂತ್ರ ಕೆಟ್ಟಿರಲಿಲ್ಲ. ಹಾಲೇಶನ ಮುಖದಲ್ಲಿ ನಗೆ ಆರಿತ್ತು. ಅವನು ಎರಡೂ ತೋಳುಗಳನ್ನು ಪರಪರನೆ ಕೆರೆದುಕೊಳ್ಳುತ್ತಿದ್ದ. "ಮಂಚದಾಗೆ ತಿಗಣೆ ಅದಾವೇನ್ರಿ ಅಕ್ಕಾ? ಮೈಯೆಲ್ಲಾ ಕಡಿತ" ಎಂದ. ನಾನು ನವಾರಿನ ಪಟ್ಟಿಗಳನ್ನು ಸರಿಸಿ ನೋಡಿದೆ. ಒಂದು ತಿಗಣೆಯೂ ಇರಲಿಲ್ಲ.

ಆಮೇಲೆ ಊರಿನವರು ಒಬ್ಬೊಬ್ಬರಾಗಿ ಅದೇ ಮಂಚದ ಮೇಲೆ ಮಲಗಿದರು. ಯಾರಲ್ಲೂ ಅಸಹಜವಾದದ್ದು ಕಾಣಲಿಲ್ಲ, ಯಾರಿಗೂ ಕಡಿತ ಬರಲಿಲ್ಲ. ವೈದ್ಯೆ ಹಾಲೇಶನನ್ನು ಪಕ್ಕಕ್ಕೆ ಕರೆದು ದಾವಣಗೆರೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿಸೋಣ ಎಂದರು. ಅವನು ತಲೆಯಾಡಿಸಿದ. ಶಿಬಿರ ಮುಗಿಯುವವರೆಗೂ ವ್ಯಾನಿನ ಮೆಟ್ಟಿಲ ಮೇಲೆ ಕೂತು ಆ ಮಂಚವನ್ನೇ ನೋಡುತ್ತಿದ್ದವನು, ಕೊನೆಗೆ ಎದ್ದು ಬಂದು ನನ್ನನ್ನು ಕೇಳಿದ: "ಅಕ್ಕಾ, ಈ ಮಂಚದ ಮ್ಯಾಲೆ ದಿನಾ ಯಾರು ಮಲಗ್ತಾರೆ?"

ಬಿಸಿಲು ಇನ್ನೂ ಇಳಿದಿರಲಿಲ್ಲ. ಮಂಚವನ್ನು ಹಿಂದಿರುಗಿಸಲು ನಾನು, ಶಬಾನಾ, ಹಾಲೇಶ ಮೂವರೂ ಓಬಮ್ಮನ ಮನೆಗೆ ಹೋದೆವು. ಅವಳು ಬಾಗಿಲಿಗೆ ಅಡ್ಡ ನಿಂತಳು. "ಅಲ್ಲೇ ಕಟ್ಟೆ ಮ್ಯಾಲೆ ಇಟ್ಟು ಹೋಗ್ರಿ."

ಒಳಗೆ ಯಾರಿದ್ದಾರೆ ಎಂದು ಕೇಳಿದೆ.

"ಯಾರೂ ಇಲ್ಲ ತಾಯಿ. ಸೊಸೆ ತವರಿಗೆ ಹೋಗ್ಯಾಳೆ."

ಅವಳ ಕಣ್ಣು ನನ್ನನ್ನು ತಪ್ಪಿಸುತ್ತಿತ್ತು. ಒಪ್ಪಿಗೆಯಿಲ್ಲದೆ ಯಾರ ಹೊಸ್ತಿಲನ್ನೂ ದಾಟಬಾರದೆಂದು ತಂಡಕ್ಕೆ ಕಲಿಸಿದವಳು ನಾನೇ. ಆ ನಿಯಮ ಅಂದು ನನ್ನ ಕಾಲಿಗೆ ಸರಪಳಿಯಾಯಿತು. ಹಾಲೇಶ ಮಂಚ ಹೊತ್ತೇ ನಿಂತಿದ್ದ, ಇಳಿಸಲೊಲ್ಲ. "ಅಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ, ನಿಜ ಹೇಳು. ನನ್ನ ಜೀವ ತಡೀವಲ್ದು" ಎಂದ. ಅಷ್ಟರಲ್ಲಿ ಒಳಗಿನಿಂದ ಬಹಳ ಕ್ಷೀಣವಾದ ದನಿಯೊಂದು ಬಂತು.

"ಬರ್ರಿ ಅಕ್ಕಾ. ನಾನು ಇಲ್ಲೇ ಅದೀನಿ."

ಕರೆದವಳು ಅವಳೇ. ನಾನು ಹೊಸ್ತಿಲು ದಾಟಿದೆ.

ಕಿಟಕಿಯಿಲ್ಲದ ಕೋಣೆಯ ಬರಿನೆಲದ ಮೇಲೆ, ಹರಿದ ಚಾಪೆಯಲ್ಲಿ ಓಬಮ್ಮನ ಸೊಸೆ ಮಂಜಮ್ಮ ಮಲಗಿದ್ದಳು. ಎಳೆಯ ಹೆಣ್ಣು. ಕಣ್ಣು ಅರಿಸಿನದಂತೆ ಹಳದಿ. ತೋಳಿನ ತುಂಬ ಕೆರೆದು ಕೆರೆದು ಆದ ಗಾಯ. ಕಾಮಾಲೆ ಇಳಿಯಲೆಂದು ಮಣಿಕಟ್ಟಿಗೆ ಬರೆ ಹಾಕಿಸಿದ್ದರು. ನಾದಿನಿಯ ಮದುವೆಯ ಮಾತುಕತೆ ನಡೆದಿತ್ತು. 'ಕುಡುಕರ ಕಾಯಿಲೆ'ಯ ಸೊಸೆ ಮನೆಯಲ್ಲಿದ್ದಾಳೆಂದು ತಿಳಿದರೆ ಸಂಬಂಧ ಮುರಿಯುತ್ತದೆಂದು ಅವಳನ್ನು ಬಚ್ಚಿಟ್ಟಿದ್ದರು. ಆ ಬೆಳಿಗ್ಗೆ ಡಾಕ್ಟರುಗಳ ಮರ್ಯಾದೆಗೆಂದು ಅವಳ ಮೈಯಡಿಯ ಮಂಚವನ್ನೇ ಎಳೆದು ನಮಗೆ ಕೊಟ್ಟಿದ್ದರು. ರೋಗಿಯನ್ನು ನೆಲಕ್ಕಿಳಿಸಿ ಅವಳ ಹಾಸಿಗೆಯ ಮೇಲೆ ನಾವು ಆರೋಗ್ಯ ಶಿಬಿರ ನಡೆಸಿದ್ದೆವು. ಇದಕ್ಕೆ ಓಬಮ್ಮನೊಬ್ಬಳನ್ನೇ ದೂರಲಾರೆ. ಆ ಮುದುಕಿ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

ಸುದ್ದಿ ಮುಟ್ಟಿಸಿದೊಡನೆ ವೈದ್ಯೆ ಓಡಿಬಂದರು. ಮಂಜಮ್ಮನ ಒಪ್ಪಿಗೆ ಕೇಳಿ, ಯಂತ್ರವನ್ನು ಅಲ್ಲಿಗೇ ತರಿಸಿದೆವು. ಶಬಾನಾ ಕೋಲನ್ನು ಅವಳ ಪಕ್ಕೆಗೆ ಒತ್ತಿದಳು. ಟಕ್ ಎಂದಿತು. ಮಂಜಮ್ಮ ಬೆಚ್ಚಲಿಲ್ಲ.

"ಬೆಳಿಗ್ಗೆನೂ ಹಿಂಗೇ ಚಿಮ್ಮಿದ್ರಲ್ಲ" ಎಂದಳು.

ಯಾರು ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕಾ. ಕತ್ತಲಾಗೆ ಇಲ್ಲೇ, ಇದೇ ಎಲುಬಿನ ಸಂದ್ಯಾಗೆ, ಯಾರೋ ಬೆರಳಿಂದ ಚಿಮ್ಮಿದಂಗಾತು. ನಿಂತಿತು, ಮತ್ತೆ ಚಿಮ್ಮಿದ್ರು. ಯಾರೋ ನೋಡಾಕೆ ಬಂದಾರೆ ಅಂತ ಅನ್ಕೊಂಡೆ."

ಶಬಾನಾ ತೆರೆಯನ್ನು ನಮ್ಮ ಕಡೆ ತಿರುಗಿಸಿದಳು. ಹಾಲೇಶನಿಗೆ ಬಂದಿದ್ದ ಸಂಖ್ಯೆಯೇ ಅಲ್ಲಿತ್ತು.

ಅದೇ ಮಂಚದ ಮೇಲೆ ಮಲಗಿಸಿ ಅವಳನ್ನು ವ್ಯಾನಿಗೆ ಹೊತ್ತು ತಂದೆವು. ತಲೆಯ ಕಡೆ ಹಿಡಿದವನು ಹಾಲೇಶ. ದಾವಣಗೆರೆ ತಲುಪುವವರೆಗೂ ಅವನು ಒಮ್ಮೆಯೂ ಮೈ ಕೆರೆದುಕೊಳ್ಳಲಿಲ್ಲ. ಮರುದಿನದ ಪರೀಕ್ಷೆಯಲ್ಲಿ ಅವನ ಲಿವರ್‌ನಲ್ಲಿ ಒಂದು ದೋಷವೂ ಸಿಗಲಿಲ್ಲ. ಮಂಜಮ್ಮನಿಗೆ ಇದ್ದದ್ದು ವೈರಸ್ಸು. ಅವಳು ಜೀವಮಾನದಲ್ಲಿ ಹೆಂಡ ಮುಟ್ಟಿದವಳಲ್ಲ. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರು. ಇಂದಿಗೂ ಮಾತ್ರೆ ನುಂಗುತ್ತಾ ಬದುಕಿದ್ದಾಳೆ.

ಹಾಲೇಶನ ಸಂಖ್ಯೆಯನ್ನು 'ಯಂತ್ರದ ದೋಷ' ಎಂದು ಕೈಬಿಡಲಾಯಿತು. ವೈದ್ಯೆ ಬೇರೇನು ಬರೆಯಬೇಕಿತ್ತು? ನಾನಾದರೂ ಹಾಗೆಯೇ ಬರೆಯುತ್ತಿದ್ದೆ. ಆದರೆ ಮುಚ್ಚಿದ ಕೋಣೆಯಲ್ಲಿದ್ದವಳ ಎಲುಬಿನ ಸಂದಿಗೆ ಆ ಸ್ಪರ್ಶ ಹೇಗೆ ತಲುಪಿತು? ಜಗುಲಿಯ ಗದ್ದಲ ಕೇಳಿ ಕಲ್ಪಿಸಿಕೊಂಡಳೇ? ಆ ಜಗುಲಿ ಅವಳ ಮನೆಯಿಂದ ಮೂರು ಓಣಿ ಆಚೆಗಿತ್ತು.

ಆ ಸಂಶೋಧನೆ ಮುಗಿಯುವವರೆಗೂ ಪ್ರತಿ ಊರಿನಲ್ಲಿ ಹಾಲೇಶನೇ ಮೊದಲು ಮಲಗಿದ. ನಮ್ಮದೇ ಮಡಚುವ ಮಂಚವಿದ್ದರೂ, ಅಂಗಿ ಎತ್ತುವ ಮುನ್ನ ನೆರೆದವರ ಕಡೆ ತಿರುಗಿ ಕೇಳುತ್ತಿದ್ದ: "ಮನ್ಯಾಗೆ ಯಾರನ್ನಾದ್ರೂ ನೆಲದ ಮ್ಯಾಲೆ ಬಿಟ್ಟು ಬಂದೀರೇನು?" ಜನ ನಗುತ್ತಿದ್ದರು. ಇಂಥ ನಂಬಿಕೆಗಳನ್ನು ಎಲ್ಲಿ ಕಂಡರೂ ಖಂಡಿಸುತ್ತಿದ್ದ ನಾನು ಅವನನ್ನು ಒಮ್ಮೆಯೂ ತಡೆಯಲಿಲ್ಲ. ಆ ನಗೆಯ ನಡುವೆ ಯಾರು ನಗುತ್ತಿಲ್ಲ ಎಂದು ನೋಡುತ್ತಾ ನಿಂತಿರುತ್ತಿದ್ದೆ.